ಮುಳ್ಳಿನ ಕಡಿವಾಣ ಬಿಟ್ಟು ಡಿ ರಿಂಗಿಗೆ ಬಂದಿದ್ದು: ನನ್ನ ಅನುಭವ

ನನ್ನ ಕುದುರೆ ರಾಣಿ ಈ ಸೀಸನ್ ಪೂರ್ತಿ ಕಲಬುರಗಿಯ ಮದುವೆ ಮೆರವಣಿಗೆಗಳಲ್ಲಿ ಮುಳ್ಳಿನ ಕಡಿವಾಣ (ಬಾಯಿಗೆ ಚುಚ್ಚುವ ಮೊನೆಗಳಿರುವ ಲೋಹದ ಕಡ್ಡಿ) ಇಲ್ಲದೇ ನಡೆದಳು. ಬ್ಯಾಂಡು, ಡಿಜೆ, ಪಟಾಕಿ ಎಲ್ಲದರ ನಡುವೆ. "ಇದಕ್ಕ ಮುಳ್ಳಿಂದು ಹಾಕ್ಲಾರ್ದ ನಡೆಂಗಿಲ್ಲ ನೋಡಪಾ" ಅಂದಿದ್ದ ಕಾಕಾಗಳೇ ಈಗ "ಎಲ್ಲಿಂದ ತಂದಿ?" ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಅವಳನ್ನು ನಾಂದೇಡ ಕಡೆಯ ಮಾಳೇಗಾಂವ್ ಜಾತ್ರೆಯಲ್ಲಿ ಕೊಂಡೆ, ಒಂದೂವರೆ ಲಕ್ಷದ ಹತ್ತಿರ ಬಿತ್ತು. ಮುಳ್ಳಿನ ಕಡಿವಾಣದಲ್ಲೇ ಪಳಗಿದ ಹೆಣ್ಣು ಕುದುರೆ. ಲಗಾಮು ಮುಟ್ಟಿದರೆ ಸಾಕು, ಬಾಯಿ ತೆರೆದು ತಲೆ ಮೇಲಕ್ಕೆ ಎಸೆಯುತ್ತಿದ್ದಳು. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಖಾಲಿ ಒಸಡು ಇರುತ್ತಲ್ವಾ, ಅಲ್ಲಿ ಎಡಗಡೆ ಉಗುರಿನಷ್ಟು ಗಾಯ ಒಣಗಿ ಗಟ್ಟಿಯಾಗಿತ್ತು. ಪ್ರಾಣಿ ಹಿಂಸೆ ತಡೆಯೋ 1965ರ ನಿಯಮದಲ್ಲೇ ಮುಳ್ಳಿನ ಕಡಿವಾಣ ಬಳಸೋದು ನಿಷೇಧ. ಆದರೂ ಇನ್ನೂ ಮಾರುತ್ತಾರೆ, ಇನ್ನೂರು ರೂಪಾಯಿಗೆಲ್ಲ ಸಿಗುತ್ತದೆ.

ಮೊದಲು ಒಂದೇ ಕೀಲಿನ ಸ್ನಾಫಲ್ (ಎರಡು ತುದಿಗೆ ರಿಂಗ್ ಇರುವ ಸಾದಾ ಕಡಿವಾಣ) ಹಾಕಿದೆ, ಎಂಟುನೂರು ಇರಬೇಕು. ಎರಡೂ ಕಡೆ ಎಳೆದಾಗ ಅದು ಅಡಕತ್ತರಿ ಥರ ಮಡಚಿ ನಾಲಿಗೆಯನ್ನು ಹಿಡಿಯುತ್ತದೆ, ಕೀಲು ಅಂಗುಳಿಗೂ ತಾಗಬಹುದು. ರಾಣಿಗೆ ತಲೆ ಎಸೆಯೋದು ಇನ್ನೂ ಜಾಸ್ತಿಯಾಯಿತು. ಆಮೇಲೆ ಒಬ್ಬರು ಕರ್ಬ್ ಕೊಟ್ಟರು, ಅಂದರೆ ಎರಡೂ ಪಕ್ಕ ಉದ್ದ ಕಾಲು, ಗದ್ದದ ಕೆಳಗೆ ಸರಪಳಿ ಇರುವ ಕಡಿವಾಣ. ಅದರ ಉದ್ದ ಕಾಲು ಸನ್ನೆಕೋಲಿನ ಕೆಲಸ ಮಾಡುತ್ತದೆ. ಬಾಯಿಯ ಕಡ್ಡಿಯಿಂದ ಕಾಲು ಮೇಲೆ ಎರಡು ಇಂಚು, ಕೆಳಗೆ ನಾಲ್ಕು ಇಂಚು ಇದ್ದರೆ ಕೈಯ ಒಂದು ಕಿಲೋ ಎಳೆತ ಒಸಡಿಗೂ ಗದ್ದದ ಸರಪಳಿಗೂ ಹೋಗುವಷ್ಟರಲ್ಲಿ ಎರಡು ಮೂರು ಪಟ್ಟು. ಬೆನ್ನ ಮೇಲೆ ಕೂತ ಪಳಗಿದ ಸವಾರನಿಗೆ ಅದು ಸರಿ. ನಮ್ಮಲ್ಲಿ ಹಾಗಲ್ಲ. ಮದುಮಗ ಸುಮ್ನೆ ಕೂತಿರುತ್ತಾನೆ, ಹಿಡಿಯೋ ಹುಡುಗ ಎಡಗಡೆ ನಡೆಯುತ್ತಾನೆ. ಪಕ್ಕದಿಂದ ಎಳೆದರೆ ಕರ್ಬ್ ಬಾಯಲ್ಲಿ ತಿರುಚಿಕೊಳ್ಳುತ್ತದೆ. ನನಗೆ ಲೆಕ್ಕ ಸಿಕ್ಕಿದ್ದೇ ಇಲ್ಲಿ: ಕಡಿವಾಣ ಆರಿಸುವಾಗ ಬಾಯಿ ನೋಡಬೇಕು, ಜೊತೆಗೆ ಕೈ ಎಲ್ಲಿದೆ ಅಂತಲೂ ನೋಡಬೇಕು.

ಪಕ್ಕದ ಎಳೆತಕ್ಕೆ ಗುಂಡು ರಿಂಗಿನದು ಬಾಯೊಳಗೆ ಜಾರುತ್ತದೆ. ಉದ್ದ ಕಡ್ಡಿ ಇರುವ ಫುಲ್ ಚೀಕ್ ಜಾರಲ್ಲ, ಆದರೆ ಹೂವಿನ ಝಾಲರಿಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಡಿ ರಿಂಗ್, ಅಂದರೆ ಎರಡು ತುದಿಗೆ ಇಂಗ್ಲಿಷಿನ D ಆಕಾರದ ರಿಂಗ್ ಇರುವುದು: ಜಾರೋದೂ ಇಲ್ಲ, ಸಿಕ್ಕಿಕೊಳ್ಳೋದೂ ಇಲ್ಲ. ನಡುವೆ ಎರಡು ಕೀಲು, ಒಂದು ಚಪ್ಪಟೆ ಗುಂಡು, ತಾಮ್ರ ಬೆರೆತ ಲೋಹ. ದಪ್ಪ ಇದ್ದಷ್ಟೂ ಮೆತ್ತಗೆ ಅಂತಾರೆ, 18 ಮಿಲಿಮೀಟರಿನದು ತರಿಸಿ ನೋಡಿದೆ. ಇವಳದು ಚಿಕ್ಕ ಬಾಯಿ, ತೋರ ನಾಲಿಗೆ, ಬಾಯಿ ಮುಚ್ಚೋಕೇ ಆಗಲಿಲ್ಲ. ದುಡ್ಡು ಹೋಯಿತು. 14ಕ್ಕೆ ಬಂದ ಮೇಲೆ ಮೊದಲ ದಿನವೇ ಮೆಲ್ಲಗೆ ಜಗಿಯೋಕೆ ಶುರು ಮಾಡಿದಳು. ಉದ್ದ ಹನ್ನೆರಡೂವರೆ ಸೆಂಟಿಮೀಟರು. ಬಾಯಿಗೆ ಕೋಲು ಅಡ್ಡ ಇಟ್ಟು ತುಟಿ ಮೂಲೆಯಲ್ಲಿ ಗುರುತು ಹಾಕಿ, ಅದಕ್ಕೆ ಅರ್ಧ ಸೆಂಟಿಮೀಟರು ಸೇರಿಸಿದೆ. ತುಟಿ ಮೂಲೆಯಲ್ಲಿ ಒಂದು ಸುಕ್ಕು ಬೀಳುವಷ್ಟೇ ಎತ್ತರಕ್ಕೆ ಕಟ್ಟುತ್ತೇನೆ.

ಇಷ್ಟಕ್ಕೇ ಆಗಲಿಲ್ಲ. ಹಲ್ಲು ತೋರಿಸಿದಾಗ ಡಾಕ್ಟರ್ ಮೇಲಿನ ದವಡೆ ಹಲ್ಲಿನ ಹೊರ ಅಂಚು ಕತ್ತಿ ಥರ ಚೂಪಾಗಿದೆ ಅಂದರು. ಅರದಿಂದ ಉಜ್ಜಿಸಿದೆ, ಎರಡು ಸಾವಿರದ ಆಸುಪಾಸು. ಕಡಿವಾಣ ಬದಲಿಸೋ ಮೊದಲು ಹಲ್ಲು ತೋರಿಸಿ. ಬಹಳ ಕಡೆ ತೊಂದರೆ ಅಲ್ಲೇ ಇರುತ್ತದೆ. ಎಲ್ಲ ಸೇರಿ ಹನ್ನೊಂದು ಹನ್ನೆರಡು ಸಾವಿರ, ಅಂದರೆ ಎರಡು ಮದುವೆಯ ಬಾಡಿಗೆ.

ಈ ನಡುವೆ ಕಡಿವಾಣಕ್ಕೆ ಸೈಕಲ್ ಟ್ಯೂಬ್ ಸುತ್ತಿ ನೋಡಿದೆ, ಜಗಿದು ಚಿಂದಿ ಮಾಡಿದಳು. ಕಡಿವಾಣವೇ ಇಲ್ಲದೆ ಮೂಗಿನ ಚರ್ಮದ ಪಟ್ಟಿಯಲ್ಲೂ ನಡೆಸಿದೆ. ಹೊಲದಲ್ಲಿ ಬಹಳ ಚೆನ್ನಾಗಿ ಬಂದಳು. ಪಟಾಕಿ ಹತ್ತಿರ ನನಗೆ ಇನ್ನೂ ಧೈರ್ಯ ಬಂದಿಲ್ಲ.

ಬೇಸಿಗೆಯ ಮಾತು ಒಂದು. ನಮ್ಮ ಮೇ ತಿಂಗಳ ಬಿಸಿಲಲ್ಲಿ ಗೂಟಕ್ಕೆ ನೇತುಹಾಕಿದ ಲೋಹ ಕೈಗೇ ಚುರ್ರ್ ಅನ್ನುತ್ತದೆ. ನೀರಲ್ಲಿ ಅದ್ದಿ, ಅಂಗೈಯಲ್ಲಿ ಹಿಡಿದು ನೋಡಿಯೇ ಬಾಯಿಗೆ ಹಾಕುತ್ತೇನೆ.

ಹಳೇ ಹೆದರಿಕೆ ಬಿಟ್ಟು ತಾನೇ ಬಾಯಿ ತೆರೆಯಲಿ ಅಂತ ಕಡಿವಾಣಕ್ಕೆ ಏನೋ ಹಚ್ಚುತ್ತೇನೆ. ಬೆಲ್ಲ ಅಲ್ಲ. ಅದನ್ನು ಇಲ್ಲಿ ಬರೆಯಲ್ಲ, ಲಾಯಕ್ಕೆ ಬಂದವರಿಗೆ ತೋರಿಸುತ್ತೇನೆ. ಬರುವಾಗ ನಿಮ್ಮ ಕುದುರೆಯ ಬಾಯಿ ಅಳತೆ ತನ್ನಿ, ನನ್ನ ಹತ್ತಿರ ಇರುವ 18ರದ್ದು ಯಾರಿಗಾದರೂ ಸರಿ ಹೋದರೆ ಅರ್ಧ ಬೆಲೆಗೆ ಕೊಡುತ್ತೇನೆ.