ಸೇನೆಯಲ್ಲಿ ಮಡಿದ ಗೆಳೆಯನ ನೆನಪನ್ನು ಉಳಿಸಿಕೊಳ್ಳುವ ಬಗೆ

ಇಪ್ಪತ್ತೈದರ ಆಸುಪಾಸಿನ ಯೋಧನೊಬ್ಬ ಸೇವೆಯಲ್ಲಿದ್ದಾಗಲೇ ತೀರಿಕೊಂಡರೆ ಅವನನ್ನು ನೆನೆಯುವವರು ಅನೇಕರಿರುತ್ತಾರೆ. ಪಲ್ಟನ್ನಿನ ದಾಖಲೆಯಲ್ಲಿ ಅವನ ನಂಬರು, ಹುದ್ದೆ, ತಾರೀಕು ಉಳಿಯುತ್ತವೆ. ಊರಿನವರು ಫ್ಲೆಕ್ಸ್ ಕಟ್ಟಿ ಮೆರವಣಿಗೆ ಮಾಡುತ್ತಾರೆ, ಮನೆಯವರ ದುಃಖವಂತೂ ಹೇಳತೀರದು. ಆದರೆ ಹಾಸ್ಟೆಲಿನಲ್ಲಿ, ಕಬಡ್ಡಿ ಅಂಗಳದಲ್ಲಿ, ಭರ್ತಿ ರ‍್ಯಾಲಿಗಾಗಿ ನಸುಕಿನಲ್ಲಿ ಎದ್ದು ಓಡುತ್ತಿದ್ದ ಹೊತ್ತಿನಲ್ಲಿ ಅವನು ಹೇಗಿದ್ದ ಎಂಬುದು ಗೆಳೆಯರಿಗೆ ಮಾತ್ರ ಗೊತ್ತು. ಆ ಭಾಗವನ್ನು ಬಣ್ಣ ಹಚ್ಚದೆ ಕಾಪಾಡಿ, ಅದು ಸೇರಬೇಕಾದವರಿಗೆ ಸೇರಿಸುವುದೇ ಗೆಳೆಯರ ಪಾಲಿನ ಕೆಲಸ ಎಂದು ನಾನು ನಂಬಿದ್ದೇನೆ.

ಸುದ್ದಿ ಬಂದ ಮೊದಲ ದಿನಗಳಲ್ಲಿ ನೆನಪಿಗಿಂತ ಮನೆಯ ಕೆಲಸ ಮುಖ್ಯ. ಪಾರ್ಥಿವ ಶರೀರ ಊರಿಗೆ ಬರುವಷ್ಟರಲ್ಲಿ ಅಂಗಳದ ತುಂಬ ಅಧಿಕಾರಿಗಳು, ಕ್ಯಾಮೆರಾಗಳು, ಗುರುತಿಲ್ಲದ ಜನ ಸೇರಿರುತ್ತಾರೆ. ಒಬ್ಬರು ಮನೆಯ ಫೋನುಗಳನ್ನು ನೋಡಿಕೊಳ್ಳಲಿ, ಇನ್ನೊಬ್ಬರು ತಾಯಿ ಮತ್ತು ಹೆಂಡತಿ ಕೂರಲು ಒಳಗಿನ ಒಂದು ಕೋಣೆಗೆ ಹೊರಗಿನವರು ನುಗ್ಗದಂತೆ ಕಾಯಲಿ, ಮತ್ತೊಬ್ಬರು ಅವರ ಹೊಟ್ಟೆಗೆ ಒಂದು ಲೋಟ ಗಂಜಿಯಾದರೂ ಹೋಗಿದೆಯೇ ಎಂದು ವಿಚಾರಿಸಲಿ. ಕುಟುಂಬದವರೆಲ್ಲರಿಗೂ ಸುದ್ದಿ ಮುಟ್ಟುವ ಮೊದಲು ಸ್ಟೇಟಸ್ ಹಾಕಬೇಡಿ. ಅವನ ಯೂನಿಟ್ ಯಾವ ಜಾಗದಲ್ಲಿತ್ತು, ಜೊತೆಯಲ್ಲಿ ಯಾರಿದ್ದರು ಎಂಬ ವಿವರವನ್ನೂ ಶರೀರದ ಚಿತ್ರವನ್ನೂ ಎಂದಿಗೂ ಹಂಚಬೇಡಿ. ಶರೀರದ ಜೊತೆಗೆ ಬಂದ ಜವಾನರಲ್ಲಿ ಅವನ ಯೂನಿಟ್ಟಿನವರಿದ್ದರೆ, ಕುಶಾಲುತೋಪು ಹಾರಿಸಿ, ತ್ರಿವರ್ಣ ಧ್ವಜವನ್ನು ಮಡಚಿ ಮನೆಯವರ ಕೈಗಿತ್ತ ಮೇಲೆ ಅವರಿಗೊಂದು ಊಟ ಹಾಕಿ, ಹೆಸರು ಮತ್ತು ಫೋನ್ ನಂಬರು ಕೇಳಿ ಬರೆದಿಟ್ಟುಕೊಳ್ಳಿ. ಅವನ ಕೊನೆಯ ವರ್ಷಗಳನ್ನು ಕಣ್ಣಾರೆ ಕಂಡವರು ಅವರೇ. ಗದ್ದಲದಲ್ಲಿ ಈ ಕೆಲಸ ತಪ್ಪಿಹೋದರೆ ಮುಂದೆ ಅವರನ್ನು ಹುಡುಕುವುದು ಕಷ್ಟ.

ನೆನಪುಗಳನ್ನು ಬರೆಯುವುದನ್ನು ತಿಂಗಳೊಳಗೆ ಆರಂಭಿಸಿ. ತಡವಾದಷ್ಟೂ ಎಲ್ಲರ ಬಾಯಲ್ಲೂ ಒಂದೇ ಮಾತು ಉಳಿಯುತ್ತದೆ: ಧೈರ್ಯವಂತ, ನಗುಮೊಗದವನು, ದೇಶಕ್ಕಾಗಿ ಹುಟ್ಟಿದವನು. ಇವು ಸುಳ್ಳಲ್ಲ, ಆದರೆ ಯಾವ ಯೋಧನಿಗೂ ಹೇಳಬಹುದಾದ ಮಾತುಗಳು. ಒಂದು ದಪ್ಪ ನೋಟ್‌ಬುಕ್ ತೆಗೆದುಕೊಂಡು, ಪ್ರತಿ ಘಟನೆಗೂ ಎಲ್ಲಿ, ಯಾವ ವರ್ಷ, ಜೊತೆಗಿದ್ದವರು ಯಾರು ಎಂಬುದನ್ನು ಸೇರಿಸಿ ಬರೆಯಿರಿ. ಭರ್ತಿಯಲ್ಲಿ 1.6 ಕಿಲೋಮೀಟರ್ ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಲು ಅವನು ಯಾವ ರಸ್ತೆಯಲ್ಲಿ ಓಡುತ್ತಿದ್ದ, ಹತ್ತು ಪುಲ್‌ಅಪ್ ತೆಗೆಯಲು ಯಾವ ಮರದ ಕೊಂಬೆಗೆ ಜೋತುಬೀಳುತ್ತಿದ್ದ, ಮೊದಲ ಸಲ ಯಾವ ರ‍್ಯಾಲಿಯಲ್ಲಿ ತಿರಸ್ಕೃತನಾಗಿ ಬಂದ, ಬೆಳಗಾವಿಯ ಮರಾಠಾ ಸೆಂಟರಿನಲ್ಲೋ ಬೆಂಗಳೂರಿನ ಎಂಇಜಿಯಲ್ಲೋ (ಮದ್ರಾಸ್ ಎಂಜಿನಿಯರ್ ಗ್ರೂಪ್) ತರಬೇತಿ ಮುಗಿಸಿದಾಗ ಪ್ರಮಾಣವಚನದ ಕಸಂ ಪರೇಡಿಗೆ ಮನೆಯಿಂದ ಯಾರು ಹೋಗಿದ್ದರು, ಹೀಗೆ. ಅವನ ಸಿಟ್ಟು, ಹಠ, ತೀರಿಸದೆ ಉಳಿದ ಕೈಗಡಗಳೂ ನೋಟ್‌ಬುಕ್ಕಿನಲ್ಲಿರಲಿ. ಅವುಗಳಲ್ಲಿ ಮನೆಯವರಿಗೆ ಯಾವುದನ್ನು ತೋರಿಸಬೇಕೆಂಬುದನ್ನು ಬೇಕಾದರೆ ಮುಂದೆ ಯೋಚಿಸಬಹುದು. ಇಬ್ಬರು ಗೆಳೆಯರು ಒಂದೇ ಘಟನೆಯನ್ನು ಬೇರೆ ಬೇರೆ ರೀತಿ ಹೇಳಿದರೆ ಎರಡನ್ನೂ ಹೆಸರಿನ ಸಮೇತ ಬರೆಯಿರಿ.

ಕೆಲವು ವಾರಗಳಲ್ಲಿ ಅವನ ಟ್ರಂಕು ಮನೆಗೆ ಬರುತ್ತದೆ. ನನ್ನ ಗೆಳೆಯನದು ಕಪ್ಪು ಬಣ್ಣದ ತಗಡಿನ ಟ್ರಂಕು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹುದ್ದೆ, ಹೆಸರು ಬರೆದಿತ್ತು. ಒಳಗೆ ಮಡಿಸಿಟ್ಟ ಎರಡು ಜೊತೆ ಸಮವಸ್ತ್ರ, ಅರ್ಧ ಮುಗಿದ ಶೇವಿಂಗ್ ಕ್ರೀಮ್, ಅಮ್ಮ ಕಳಿಸಿದ್ದ ಉಪ್ಪಿನಕಾಯಿಯ ಖಾಲಿ ಬಾಟಲಿ, ತಂಗಿಯ ಕಾಲೇಜು ಫೀಸಿನ ಲೆಕ್ಕ ಬರೆದ ಸಣ್ಣ ಡೈರಿ ಇದ್ದವು. ಇಂಥ ಟ್ರಂಕನ್ನು ಯಾವಾಗ ತೆರೆಯಬೇಕೆಂಬುದು ಮನೆಯವರ ನಿರ್ಧಾರ. ಅವರು ಕರೆದರೆ ಹೋಗಿ, ತೆಗೆದದ್ದರ ಪಟ್ಟಿ ಮಾಡಿಕೊಡಿ, ಪ್ರತಿ ವಸ್ತುವಿನ ಚಿತ್ರ ತೆಗೆದಿಡಿ. ಬಟ್ಟೆಗಳನ್ನು ತೊಳೆಯುವ ಮುನ್ನ ತಾಯಿಯನ್ನೂ ಹೆಂಡತಿಯನ್ನೂ ಕೇಳಲೇಬೇಕು, ಏಕೆಂದರೆ ಮಗನ, ಗಂಡನ ಮೈವಾಸನೆ ಅವುಗಳಲ್ಲಿ ಮಾತ್ರ ಉಳಿದಿರುತ್ತದೆ.

ಅವನ ದನಿ ಉಳಿಯಬೇಕಾದರೆ ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜುಗಳನ್ನು ಇಂದೇ ಬೇರೆ ಕಡೆ ತೆಗೆದಿಡಿ, ಏಕೆಂದರೆ ಫೋನು ಕೆಟ್ಟರೆ ಅಥವಾ ಬದಲಾದರೆ ಅವು ಅಳಿದುಹೋಗುವ ಸಂಭವ ಹೆಚ್ಚು. ಚಾಟ್ ಎಕ್ಸ್‌ಪೋರ್ಟ್ ಮಾಡಿ ಎರಡು ಪೆನ್‌ಡ್ರೈವ್‌ಗಳಿಗೆ ಹಾಕಿ, ಒಂದನ್ನು ಮನೆಯವರಿಗೆ ಕೊಡಿ. ಮುಖ್ಯವಾದ ಚಿತ್ರಗಳನ್ನು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ, ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಹೆಸರು ಮತ್ತು ವರ್ಷ ಬರೆಯಿರಿ.

ಸಾವಿನ ಕಾರಣದ ವಿಷಯದಲ್ಲಿ ಎಚ್ಚರಿಕೆ ಬೇಕು. ಎಲ್ಲ ಯೋಧರೂ ಗುಂಡೇಟಿಗೆ ಮಡಿಯುವುದಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯನ್ನು ಹಿಮ ಮುಚ್ಚಿದಾಗ ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಸಿಲುಕಿದರು. ಆರು ದಿನಗಳ ಮೇಲೆ ಜೀವಂತವಾಗಿ ಸಿಕ್ಕ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದರು. ಅಲ್ಲಿ ಶತ್ರುವಿನ ಗುಂಡು ಹಾರಿರಲಿಲ್ಲ, ಆದರೂ ನಾಡು ಅವರನ್ನು ಮರೆತಿಲ್ಲ. ನಿಮ್ಮ ಗೆಳೆಯ ವಾಹನ ಅಪಘಾತದಲ್ಲೋ ಕಾಯಿಲೆಯಿಂದಲೋ ತೀರಿಕೊಂಡಿದ್ದರೆ ಹಾಗೆಯೇ ಹೇಳಿ. ಇಲ್ಲದ ಕಾಳಗವನ್ನು ಕಟ್ಟಿ ಹೇಳಿದರೆ ಅವನು ನಿಜವಾಗಿ ಮಾಡಿದ ಕೆಲಸ ಮರೆಯಾಗುತ್ತದೆ. ಅವನೇ ತನ್ನ ಪ್ರಾಣ ತೆಗೆದುಕೊಂಡಿದ್ದರೆ ಕಾರಣ ಹುಡುಕುವ ಹರಟೆಗೆ ಯಾರನ್ನೂ ಬಿಡಬೇಡಿ. ಗೆಳೆಯರಲ್ಲಿ ಯಾರಾದರೂ ತೀರ ಕುಸಿದಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿಸಿ.

ಸಾವು ಯುದ್ಧ ಸಂಬಂಧದ್ದೋ ಅಲ್ಲವೋ ಎಂದು ಸೇನೆ ವಿಂಗಡಿಸುತ್ತದೆ, ಕುಟುಂಬದ ಪಿಂಚಣಿಯೂ ಪರಿಹಾರವೂ ಅದನ್ನೇ ಅವಲಂಬಿಸಿರುತ್ತವೆ. ನಾಲ್ಕು ವರ್ಷದ ಅವಧಿಗೆ ಸೇರಿದ ಅಗ್ನಿವೀರನಾಗಿದ್ದರೆ ನಿಯಮಗಳು ಬೇರೆ. ಆದ್ದರಿಂದ ಯೋಧರ ಸೇವಾ ದಾಖಲೆ ನೋಡಿಕೊಳ್ಳುವ ರೆಕಾರ್ಡ್ ಆಫೀಸಿನಿಂದ ಬಂದ ಪ್ರತಿ ಪತ್ರವನ್ನೂ ಒಂದೇ ಫೈಲಿನಲ್ಲಿ ಜೋಡಿಸಿ, ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಮನೆಯವರ ಜೊತೆ ಹೋಗಿಬನ್ನಿ. ಮನೆಯವರ ಒಪ್ಪಿಗೆಯಿಲ್ಲದೆ ಅವನ ಹೆಸರಿನಲ್ಲಿ ಒಂದು ರೂಪಾಯಿಯನ್ನೂ ಎತ್ತಬೇಡಿ.

ಸ್ಮಾರಕದ ಮಾತು ಬಂದಾಗ ಊರಿನವರ ಮನಸ್ಸು ಮೊದಲು ಪ್ರತಿಮೆಯ ಕಡೆಗೇ ಓಡುತ್ತದೆ. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗಗಳಲ್ಲಿ ಹೊಸ ಪ್ರತಿಮೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲೇ ಆದೇಶಿಸಿದೆ. ಅದು ಹಾಗಿರಲಿ, ವರ್ಷಕ್ಕೊಮ್ಮೆ ಹಾರ ಬಿದ್ದು ಉಳಿದ ದಿನ ಧೂಳು ತಿನ್ನುವ ಪ್ರತಿಮೆಗಿಂತ ಅವನು ಓದಿದ ಶಾಲೆಯ ಒಂದು ಓಟದ ಪಂದ್ಯ, ಗ್ರಂಥಾಲಯದ ಒಂದು ಕಪಾಟು, ಭರ್ತಿಗೆ ತಯಾರಾಗುವ ಹುಡುಗರಿಗೆ ಬೂಟು ಕೊಡಿಸುವ ಸಣ್ಣ ನಿಧಿ ನನಗೆ ಹೆಚ್ಚು ಸರಿಯೆನಿಸುತ್ತದೆ. ಫಲಕವೇ ಬೇಕೆಂದಾದರೆ ನಮ್ಮ ವೀರಗಲ್ಲುಗಳನ್ನು ನೋಡಿ. ಸುಮಾರು ಕ್ರಿ.ಶ. 890ರ ಬೇಗೂರಿನ ಶಾಸನ ಬೆಂಗಳೂರು ಕಾಳಗದಲ್ಲಿ ಆದ ಸಾವನ್ನು ಕೆಲವೇ ಮಾತುಗಳಲ್ಲಿ ಹೇಳುತ್ತದೆ. ಬೆಂಗಳೂರು ಎಂಬ ಹೆಸರು ಅಷ್ಟು ಹಿಂದೆಯೇ ಇತ್ತೆಂದು ನಮಗೆ ತಿಳಿದದ್ದೂ ಆ ಕಲ್ಲಿನಿಂದಲೇ. ನಿಮ್ಮ ಫಲಕದಲ್ಲೂ ಹೆಸರು, ತಂದೆತಾಯಿಯ ಹೆಸರು, ನಂಬರು, ಹುದ್ದೆ, ಯೂನಿಟ್, ಹುಟ್ಟಿದ ಮತ್ತು ಮಡಿದ ದಿನ, ಮಡಿದ ಜಾಗ, ನಿಲ್ಲಿಸಿದವರು ಯಾರು ಎಂಬುದಿದ್ದರೆ ಸಾಕು. ಕೆತ್ತಿಸುವ ಮುನ್ನ ಕಾಗುಣಿತವನ್ನು ಸೇನೆಯ ಪತ್ರದ ಜೊತೆಗೂ ಅವನ ತಾಯಿಯ ಜೊತೆಗೂ ಕೂತು ತಾಳೆ ನೋಡಿ. ಗ್ರಾಮ ಪಂಚಾಯಿತಿಯ ಜಾಗವಾದರೆ ಲಿಖಿತ ಠರಾವು ಪಡೆಯಿರಿ, ಮುಂದೆ ಅದನ್ನು ತೊಳೆದು ಬಣ್ಣ ಬಳಿಯುವವರು ಯಾರೆಂಬುದನ್ನೂ ಅಂದೇ ಬರೆದಿಡಿ.

ಪುಣ್ಯಸ್ಮರಣೆಯ ದಿನ ಬಂದುಹೋಗುವವರು ಬಹಳ. ಮೂರನೆಯ, ನಾಲ್ಕನೆಯ ವರ್ಷಕ್ಕೆ ಆ ಗುಂಪು ಕರಗುತ್ತದೆ. ಆದ್ದರಿಂದ ಗೆಳೆಯರೊಳಗೆ ಸರದಿ ಹಾಕಿಕೊಂಡು, ಅವನು ಸಾಮಾನ್ಯವಾಗಿ ರಜೆಗೆ ಬರುತ್ತಿದ್ದ ತಿಂಗಳಲ್ಲಿ, ಊರ ಜಾತ್ರೆಯಲ್ಲಿ, ಅವನ ಹುಟ್ಟಿದ ದಿನ ಮನೆಗೆ ಹೋಗಿ. ಅವನ ಹೆಂಡತಿ ಮುಂದೆ ಓದಲಿ, ಕೆಲಸಕ್ಕೆ ಸೇರಲಿ, ಮರುಮದುವೆಯಾಗಲಿ, ಅದು ಗೆಳೆಯನಿಗೆ ಮಾಡಿದ ದ್ರೋಹವೆಂದು ಯಾರಾದರೂ ಆಡಿಕೊಂಡರೆ ಅಲ್ಲೇ ತಡೆಯುವುದು ನಿಮ್ಮ ಹೊಣೆ.

ಅವನು ಕಾರ್ಯಾಚರಣೆಯಲ್ಲಿ ಮಡಿದಿದ್ದರೆ, ತಂದೆತಾಯಿಯ ಕಾಲು ಗಟ್ಟಿಯಿರುವಾಗಲೇ ಒಮ್ಮೆ ದೆಹಲಿಗೆ ಕರೆದುಕೊಂಡು ಹೋಗಿ. ಇಂಡಿಯಾ ಗೇಟಿನ ಬಳಿ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗ ಚಕ್ರದಲ್ಲಿ ಗ್ರಾನೈಟ್ ಫಲಕಗಳ ಮೇಲೆ ಹೆಸರುಗಳನ್ನು ಕೆತ್ತಲಾಗಿದೆ. ಸಾವಿರಾರು ಹೆಸರುಗಳ ನಡುವೆ ಹುಡುಕಲು ಹೊತ್ತು ಹಿಡಿಯುವುದರಿಂದ ನಂಬರು ಮತ್ತು ರೆಜಿಮೆಂಟಿನ ವಿವರ ಜೇಬಿನಲ್ಲಿರಲಿ. ಸಂಜೆ ಅಲ್ಲಿ ಮಡಿದವರ ಬಂಧುಗಳಿಂದ ಪುಷ್ಪಚಕ್ರ ಇಡಿಸುವ ಕಾರ್ಯಕ್ರಮವೂ ನಡೆಯುತ್ತದೆ. ಅದರಲ್ಲಿ ಅವರಿಗೆ ಅವಕಾಶ ಸಿಗಲು ಏನು ಮಾಡಬೇಕೆಂದು ರೈಲಿನ ಟಿಕೆಟ್ ಮಾಡಿಸುವ ಮೊದಲೇ ಯೂನಿಟ್ ಅಥವಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.