ಹೊಸಬರಿಗೆ ಮಾರ್ಗದರ್ಶಿ: ಗೊಬ್ಬರದ ಡ್ರಮ್ಮು, ಬೂಷ್ಟು, ಬಿಡದ ಕೆಮ್ಮು

ನೀರಿನ ಟ್ಯಾಂಕರ್, ಮನೆ ಅಡ್ವಾನ್ಸ್, ಶಾಲೆ ಸೀಟು ಎಲ್ಲ ಸಂಘದ ಹಿಂದಿನ ಹಾಳೆಗಳಲ್ಲಿವೆ. ಈ ಹಾಳೆ ಗೊಬ್ಬರದಲ್ಲಿ ಬೆಳೆಯುವ ಬೂಷ್ಟಿನಿಂದ ಬರಬಹುದಾದ ಕೆಮ್ಮಿನ ಬಗ್ಗೆ. "ಕೆಮ್ಮಿಗೂ ಒಂದು ಹಾಳೆ ಬೇಕಾ?" ಅಂತ ಕಮಿಟಿಯಲ್ಲೇ ಇಬ್ಬರು ನಕ್ಕರು. ಬೇಕು ಅಂತ ನಾನೇ ಹಠ ಹಿಡಿದೆ.

ಊರಿಂದ ಬಂದ ನಮಗೆ ಮಣ್ಣು ಮುಟ್ಟದೆ ಇರೋಕೆ ಆಗಲ್ಲ. ಬೆಂಗಳೂರಲ್ಲಿ ಮನೆ ಸಿಕ್ಕಿ ತಿಂಗಳು ತುಂಬುವುದರೊಳಗೆ ಟೆರೇಸ್ ಮೇಲೆ ಒಂದು ಕರಿಬೇವು, ಒಂದು ದೊಡ್ಡಪತ್ರೆ, ನಾಲ್ಕು ಗ್ರೋ ಬ್ಯಾಗು ಬಂದಿರುತ್ತವೆ. ಇಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಲೇಬೇಕು. ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡುವವರೂ ಜಾಸ್ತಿ. ಒಳ್ಳೆಯ ಕೆಲಸವೇ. ಆದರೆ ಊರಿನ ತಿಪ್ಪೆ ಬಯಲಲ್ಲಿ, ಮನೆಯಿಂದ ದೂರ ಇತ್ತು. ಇಲ್ಲಿನ ಡ್ರಮ್ಮಿನ ಮುಚ್ಚಳ ತೆಗೆದರೆ ಸೀದಾ ನಮ್ಮ ಮೂಗಿಗೇ.

ಯಾವುದು ಈ ಬೂಷ್ಟು

ಹೆಸರು ಆಸ್ಪರ್ಜಿಲಸ್. ಮಣ್ಣು, ಕೊಳೆತ ಎಲೆ, ಒದ್ದೆ ಹುಲ್ಲು, ಗೊಬ್ಬರ ಎಲ್ಲದರಲ್ಲೂ ಇರುತ್ತದೆ. 1729ರಲ್ಲಿ ಮಿಕೆಲಿ ಎಂಬ ಇಟಲಿಯ ಪಾದ್ರಿ ಇದಕ್ಕೆ ಹೆಸರಿಟ್ಟರು. ಚರ್ಚಿನಲ್ಲಿ ತೀರ್ಥ ಚಿಮುಕಿಸುವ ಸಾಧನದ ಹಾಗೆ ಅವರಿಗೆ ಕಂಡಿತಂತೆ. ಎದೆಗೆ ಜಾಸ್ತಿ ತೊಂದರೆ ಕೊಡುವುದು ಫ್ಯೂಮಿಗೇಟಸ್ ಅನ್ನುವ ಜಾತಿ. ಗೊಬ್ಬರ ಒಳಗೊಳಗೇ ಬಿಸಿಯಾಗುತ್ತೆ ಅಲ್ವಾ, ಆ 50 ಡಿಗ್ರಿ ಬಿಸಿಯಲ್ಲೂ ಇದು ಆರಾಮಾಗಿ ಬೆಳೆಯುತ್ತದೆ. ಇದರ ಬೀಜಕಣ 2-3 ಮೈಕ್ರಾನ್, ಅಂದರೆ ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಎರಡು ಮೂರು ಪಾಲು. ಮೂಗು ತಡೆಯಲ್ಲ, ಶ್ವಾಸಕೋಶದ ತುದಿವರೆಗೂ ಹೋಗುತ್ತದೆ.

ಗಾಬರಿ ಬೇಡ. ನಾವೆಲ್ಲ ದಿನಾ ಇದನ್ನು ಉಸಿರಾಡುತ್ತಲೇ ಇದ್ದೇವೆ, ಗಟ್ಟಿಮುಟ್ಟಾದ ಮೈ ತಾನೇ ಹೊರಗೆ ಹಾಕುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಮನೆಯಲ್ಲಿ ಈ ಬೂಷ್ಟಿನಿಂದ ಕಾಯಿಲೆಯಾದವರಿಗೆ ತಟ್ಟೆ ಲೋಟ ಬೇರೆ ಇಡುವವರನ್ನು ಕಂಡಿದ್ದೇನೆ. ದಯವಿಟ್ಟು ಆ ಕೆಲಸ ಮಾಡಬೇಡಿ.

ನಮ್ಮ ಮನೆಯಲ್ಲಿ ಆದದ್ದು

ನಾವು 2014ರಲ್ಲಿ ತಿಪಟೂರಿನ ಕಡೆಯಿಂದ ಬಂದೆವು. ನಮ್ಮ ಮಾವನವರಿಗೆ ಹಿಂದೆ ಯಾವತ್ತೋ ಟಿಬಿ ಬಂದು, ಮಾತ್ರೆ ನುಂಗಿ ವಾಸಿಯಾಗಿತ್ತು. ಮನೆಯಲ್ಲಿ ಆ ಮಾತೇ ಎತ್ತುವಂತಿರಲಿಲ್ಲ. ಹೆಣ್ಣು ಕೊಡುವವರು ಏನಂದಾರು ಅಂತ. ನನಗೇ ಗೊತ್ತಾಗಿದ್ದು ಮದುವೆಯಾಗಿ ಹದಿನೈದು ವರ್ಷದ ಮೇಲೆ, ಅದೂ ಆಸ್ಪತ್ರೆಯಲ್ಲಿ.

ಇಲ್ಲಿ ಬಂದ ಮೇಲೆ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಟೆರೇಸ್ ಮೇಲೆ ಎರಡು ಡ್ರಮ್ಮು ಇಟ್ಟರು. ತಿಂಡಿ ಆದ ಮೇಲೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಕುಕ್ಕರುಗಾಲಲ್ಲಿ ಕೂತು, ಒಣಗಿದ ಗೊಬ್ಬರವನ್ನು ಜರಡಿ ಹಿಡಿಯುವರು. ಬಿಸಿಲಿಗೆ ಬೂದಿ ಬಣ್ಣದ ಧೂಳು ಹೊಗೆಯ ಹಾಗೆ ಏಳುತ್ತಿತ್ತು. ಕೆಳಗಿಳಿದು ಬಂದಾಗ ಮೀಸೆ ಮೇಲೆಲ್ಲ ಅದೇ ಬಣ್ಣ. ನಾವು ನಗುತ್ತಿದ್ದೆವು.

ಎರಡು ವರ್ಷದಲ್ಲಿ ಕೆಮ್ಮು ಕೂತಿತು. ಅಂಗಿ ದೊಗಳೆಯಾಯಿತು. ಒಂದು ಬೆಳಿಗ್ಗೆ ಸಿಂಕಿನಲ್ಲಿ ರಕ್ತ. ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ನೋಡಿ ಟಿಬಿ ಅಂದರು. ಕಫದಲ್ಲಿ ಟಿಬಿ ಸಿಗದಿದ್ದರೂ ಮಾತ್ರೆ ಶುರುವಾಯಿತು. ಏಳು ತಿಂಗಳು ನುಂಗಿದರು. ಕೆಮ್ಮು ಇದ್ದ ಹಾಗೇ ಇತ್ತು.

ಆಮೇಲೆ ಬೇರೆ ಕಡೆ ಒಬ್ಬ ಡಾಕ್ಟರಮ್ಮ ಕನ್ನಡದಲ್ಲಿ, ಸಮಾಧಾನವಾಗಿ, "ಅಜ್ಜಾ, ಮುಂಚೆ ಯಾವಾಗಾದ್ರೂ ಟಿಬಿ ಆಗಿತ್ತಾ?" ಅಂತ ಕೇಳಿದರು. ಮಾವ ನಮ್ಮೆಲ್ಲರ ಮುಖ ನೋಡಿ, ಹೂಂ ಅಂದರು. ಸಿಟಿ ಸ್ಕ್ಯಾನ್ ಆಯಿತು. ಹಳೇ ಟಿಬಿ ವಾಸಿಯಾಗುವಾಗ ಶ್ವಾಸಕೋಶದಲ್ಲಿ ಮರದ ಪೊಟರೆಯಂಥ ಜಾಗ ಉಳಿದಿತ್ತು. ಅದರೊಳಗೆ ಬೂಷ್ಟು ಉಂಡೆ ಕಟ್ಟಿತ್ತು. ಮಲಗಿದ ಮಗ್ಗುಲು ಬದಲಿಸಿದರೆ ಉಂಡೆಯೂ ಜಾಗ ಬದಲಿಸುತ್ತೆ ಅಂತ ಅವರು ತೋರಿಸಿದರು. ಮಾವ ಪರದೆ ನೋಡಿ, "ಉಂಡೆ ಕೊಬ್ರಿ ಚಿಪ್ಪೊಳಗೆ ಗಡಗಡ ಅಂದಂಗೆ" ಅಂದರು. ತಿಪಟೂರಿನವರಿಗೆ ಇದಕ್ಕಿಂತ ಬಿಡಿಸಿ ಹೇಳೋದು ಬೇಡ.

ಡ್ರಮ್ಮಿಂದಲೇ ಬಂತು ಅಂತ ಡಾಕ್ಟರಮ್ಮ ಹೇಳಲಿಲ್ಲ. ಗಾಳಿಯಲ್ಲಿ ಎಲ್ಲೆಲ್ಲೂ ಇರುತ್ತೆ ಅಂದರು. ಆದರೆ ಪೊಟರೆ ಇರುವ ಎದೆಯವರು ಗೊಬ್ಬರ ಜರಡಿ ಹಿಡಿಯಬಾರದು ಅಂತ ಗದರಿದರು. ಮೈ ಈ ಬೂಷ್ಟಿನ ವಿರುದ್ಧ ಹೋರಾಡುತ್ತಿದೆಯಾ ಅಂತ ತಿಳಿಯಲು ರಕ್ತದಲ್ಲಿ ಆಸ್ಪರ್ಜಿಲಸ್ ಐಜಿಜಿ ಪರೀಕ್ಷೆ ಮಾಡಿಸಿ, ಬೂಷ್ಟಿಗೆ ಕೊಡುವ ಇಟ್ರಾಕೊನಜೋಲ್ ಎಂಬ ಔಷಧಿ ಬರೆದುಕೊಟ್ಟರು. ಇದು ಒಂದು ವಾರದ ಮಾತ್ರೆ ಅಲ್ಲ, ಕಡಿಮೆ ಅಂದರೂ ಆರು ತಿಂಗಳು. ಕ್ಯಾಪ್ಸೂಲ್ ಆದರೆ ಊಟದ ಜೊತೆಗೇ ನುಂಗಬೇಕು. ನಮ್ಮವರ ಅಭ್ಯಾಸ ಗೊತ್ತಲ್ಲ, ಬೆಳಿಗ್ಗೆ ಎದ್ದರೆ ಒಂದು ಗ್ಯಾಸ್ ಮಾತ್ರೆ. ಹೊಟ್ಟೆಯ ಹುಳಿ ಕಡಿಮೆಯಾದರೆ ಈ ಕ್ಯಾಪ್ಸೂಲ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಟಿಬಿಗೆ ಕೊಡುವ ರಿಫಾಂಪಿಸಿನ್ ಮಾತ್ರೆ ಕೂಡ ಇದರ ಬಲ ಇಳಿಸಿಬಿಡುತ್ತದೆ. ಹಾಗಾಗಿ ನುಂಗುತ್ತಿರುವ ಪ್ರತಿಯೊಂದು ಮಾತ್ರೆಯನ್ನೂ ಡಾಕ್ಟರಿಗೆ ತೋರಿಸಿ. ಹಾಗಂತ ಇದನ್ನು ಓದಿ ಟಿಬಿ ಮಾತ್ರೆಯನ್ನು ನೀವೇ ನಿಲ್ಲಿಸಿದಿರೋ, ನನ್ನ ಹೆಸರು ಹೇಳಬೇಡಿ.

ಗೊಬ್ಬರ ಕೆದಕುವಾಗ

ಒಣಗಲು ಬಿಡಬೇಡಿ, ಮೊದಲು ನೀರು ಚಿಮುಕಿಸಿ.
ಡ್ರಮ್ಮು ಟೆರೇಸಲ್ಲಿರಲಿ, ಯುಟಿಲಿಟಿಯಲ್ಲಿ (ಅಡುಗೆಮನೆಗೆ ಅಂಟಿದ, ಪಾತ್ರೆ ಬಟ್ಟೆ ತೊಳೆಯುವ ಜಾಗ) ಬೇಡ.
ಮುಚ್ಚಳ ತೆಗೆದು ಬಗ್ಗಿ ಮೂಸಬೇಡಿ.
ಎನ್95 ಮಾಸ್ಕ್ ಹಾಕಿ. ಟವೆಲ್, ಸೆರಗು ಲೆಕ್ಕಕ್ಕಿಲ್ಲ.

ಯುಟಿಲಿಟಿಯಲ್ಲಿ ಪಾರಿವಾಳದ ಹಿಕ್ಕೆ ಇದ್ದರೂ ಹೀಗೇ: ನೆನೆಸಿ ಒರೆಸಿ, ಪೊರಕೆ ಹಿಡಿಯಬೇಡಿ. ಅದರಲ್ಲಿರುವುದು ಕ್ರಿಪ್ಟೋಕಾಕಸ್ ಎಂಬ ಬೇರೆ ಶಿಲೀಂಧ್ರ, ಅದೂ ಎದೆಗೆ ಇಳಿಯುತ್ತದೆ.

ಯಾರು ಹತ್ತಿರ ಹೋಗಲೇಬಾರದು

ಹಿಂದೆ ಟಿಬಿ ಆದವರು, ದಮ್ಮು ಇರುವವರು, ಸ್ಟೀರಾಯ್ಡ್ ಮಾತ್ರೆ ನುಂಗುವವರು, ಕ್ಯಾನ್ಸರ್ ಔಷಧಿಯಲ್ಲಿರುವವರು, ಕಿಡ್ನಿ ಕಸಿ ಆದವರು. ಶುಗರ್ ಹತೋಟಿಯಲ್ಲಿ ಇಲ್ಲದವರೂ ಹುಷಾರು. 2021ರ ಕಪ್ಪು ಶಿಲೀಂಧ್ರ ಮರೆತಿಲ್ಲ ತಾನೆ? ಅದು ಬೇರೆ ಜಾತಿ, ಆದರೆ ಅದೂ ಮಣ್ಣಿನದ್ದೇ.

ದಮ್ಮಿನವರಿಗೆ ಇನ್ನೊಂದು ಮಾತು. ಪಫ್ ತೆಗೆದುಕೊಂಡರೂ ಉಬ್ಬಸ ಇಳಿಯುತ್ತಿಲ್ಲ, ಕಂದು ಬಣ್ಣದ ಗಟ್ಟಿ ಕಫ ಬರುತ್ತಿದೆ ಅಂದರೆ, ಇದೇ ಬೂಷ್ಟಿಗೆ ಅಲರ್ಜಿ ಆಗಿರಬಹುದು. ಅಲರ್ಜಿ ತೋರಿಸುವ ಐಜಿಇ ರಕ್ತಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಬೆಂಗಳೂರು ಹವೆ ಅಂತ ಸುಮ್ನೆ ಕೂರಬೇಡಿ.

ಡಾಕ್ಟರ ಹತ್ತಿರ

ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಕಫ ಪರೀಕ್ಷೆ. ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿ ಪರೀಕ್ಷೆಯೂ ಮಾತ್ರೆಯೂ ಉಚಿತ. ನಿಮ್ಹಾನ್ಸ್ ಹತ್ತಿರ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ. ಕನ್ನಡದಲ್ಲೇ ಮಾತಾಡಿ, ಹರಕುಮುರುಕು ಇಂಗ್ಲಿಷಲ್ಲಿ ಅರ್ಧ ಹೇಳಿ ಬರಬೇಡಿ. ಹಳೇ ಟಿಬಿ ಮುಚ್ಚಿಡಬೇಡಿ. ಗೊಬ್ಬರ, ಮಣ್ಣು, ಪಾರಿವಾಳ ಏನು ಮುಟ್ಟುತ್ತೀರೋ ಅದನ್ನೂ ಹೇಳಿ. ಜಾಸ್ತಿ ರಕ್ತ ಬಂದರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ.

ಊರಿನ ಬೀರುವಿನಲ್ಲಿ ಹಳೇ ಎಕ್ಸ್‌ರೇ ಇದ್ದರೆ ತರಿಸಿಕೊಳ್ಳಿ. ನೆರಳು ಹೊಸದೋ ಹಳೇದೋ ಅಂತ ಪಕ್ಕಪಕ್ಕ ಇಟ್ಟು ನೋಡಲು ಬೇಕು. ನಮ್ಮ ಮಾವನದ್ದು ಗ್ರಹಣ ನೋಡಲು ಮಕ್ಕಳು ಕತ್ತರಿಸಿ ಹಂಚಿಕೊಂಡಿದ್ದರು.

ಮಾವ ಈಗ ಗಿಡಗಳಿಗೆ ನೀರು ಮಾತ್ರ ಹಾಕುತ್ತಾರೆ. ಜರಡಿ ನನ್ನ ಕೈಗೆ ಬಂದಿದೆ. ಮೆಟ್ಟಿಲ ಹತ್ತಿರ ಕುರ್ಚಿ ಹಾಕಿಕೊಂಡು, ಹಿಡಿಯೋದು ಹೀಗಲ್ಲ ಅಂತ ದಿನಾ ತಪ್ಪು ತೆಗೆಯುತ್ತಾರೆ.