ತೀರುವೆ (ಭೂಕಂದಾಯ) ಬಾಕಿಯ ಜಾಗ ಏಲಂನಲ್ಲಿ ಹಿಡಿಯುವಾಗ

ಕಾಸರಗೋಡು, ಮಂಜೇಶ್ವರದ ಕಡೆ ಸರ್ಕಾರಿ ಬಾಕಿಗೆ ಜಪ್ತಿಯಾದ ಜಾಗ ಏಲಂಗೆ ಬರುವುದು 1968ರ ಕೇರಳ ರೆವಿನ್ಯೂ ರಿಕವರಿ ಕಾಯ್ದೆಯಡಿ. ಕರ್ನಾಟಕದ ನಿಯಮ ಇಲ್ಲಿ ನಡೆಯದು. ನೋಟಿಸು ಮಲಯಾಳದಲ್ಲಿದ್ದರೆ ತಿಳಿದವರಿಂದ ಸಾಲುಸಾಲಾಗಿ ಓದಿಸಿ. ಮುಖ್ಯವಾಗಿ ಸರ್ವೆ ನಂಬ್ರ, ಸೆಂಟ್ಸ್, ಬಾಕಿ ಯಾವುದರದು ಎಂಬುದು.

ಬೆಲೆಗಿಂತ ಮೊದಲು ಜಾಗ ನೋಡಿ. ರೀಸರ್ವೆ (ಮರು ಅಳತೆ) ಆದ ಕಡೆ ಹಳೆಯ ನಂಬ್ರವೂ ಹೊಸದೂ ಬೇರೆ. ಆಧಾರದಲ್ಲಿ (ಜಾಗದ ನೋಂದಾಯಿತ ಪತ್ರ) ಹಳೆಯದು, ನೋಟಿಸಿನಲ್ಲಿ ಹೊಸದು ಇದ್ದರೆ ವಿಲೇಜ್ ಆಫೀಸಿನಲ್ಲಿ ಎರಡನ್ನೂ ತಾಳೆ ನೋಡಿ, ಸ್ಕೆಚ್ ಹಿಡಿದು ಗಡಿಕಲ್ಲು ಹುಡುಕಿ. ತೋಟದಂತೆ ಕಂಡರೂ ದಾಖಲೆಯಲ್ಲಿ ಅದು ಗದ್ದೆಯಾಗಿರಬಹುದು. 2008ರ ಭತ್ತದ ಗದ್ದೆ ಸಂರಕ್ಷಣಾ ಕಾಯ್ದೆಯ ಡಾಟಾ ಬ್ಯಾಂಕಿನಲ್ಲಿ (ಗದ್ದೆಗಳ ಸರ್ಕಾರಿ ಪಟ್ಟಿ) ಆ ಜಾಗವಿದ್ದರೆ ಮನೆ ಕಟ್ಟುವ ಲೆಕ್ಕಾಚಾರವೇ ತಲೆಕೆಳಗು. ಹೆಚ್ಚಿನವರು ಎಡವುವುದು ಇಲ್ಲೇ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ, ಬ್ಯಾಂಕ್ ಅಡಮಾನ, ಕೋರ್ಟ್ ಜಪ್ತಿ ಇದ್ದರೆ ವಕೀಲರಿಗೆ ತೋರಿಸದೆ ಬಿಡ್ ಕೂಗಬೇಡಿ. ಒಳಗೆ ಯಾರಾದರೂ ವಾಸವಿದ್ದರೆ ಬಿಡಿಸುವ ಖರ್ಚನ್ನೂ ಸೇರಿಸಿಯೇ ನಿಮ್ಮ ಮಿತಿ ಬರೆದಿಟ್ಟುಕೊಳ್ಳಿ.

ಏಲಂ ನಿಮ್ಮ ಹೆಸರಿಗೆ ನಿಂತರೆ ಮೊತ್ತದ ಶೇಕಡ 15 ಕೂಡಲೇ ಕಟ್ಟಬೇಕು, ಉಳಿದದ್ದು 30 ದಿನದೊಳಗೆ. ತಪ್ಪಿದರೆ ಕಟ್ಟಿದ ಹಣವೂ ಹೋದೀತು. ಬ್ಯಾಂಕ್ ಸಾಲ ಸಿಕ್ಕೀತೆಂಬ ಭರವಸೆಯಲ್ಲಿ ಹೋಗಬೇಡಿ. ಇದೇ 30 ದಿನದಲ್ಲಿ ಬಾಕಿದಾರ ಹಣ ಕಟ್ಟಿ ಮಾರಾಟ ರದ್ದು ಮಾಡಿಸಬಹುದು. ಆಗ ನಿಮಗೆ ಏಲಂ ಮೊತ್ತದ ಶೇಕಡ 5 ಹೆಚ್ಚುವರಿ ಸಿಗುತ್ತದೆ. ಹಾಗಾಗಿ ಮಾರಾಟ ಸ್ಥಿರವಾಗುವವರೆಗೆ ಬೇಲಿ, ಬಾವಿಗೆ ದುಡ್ಡು ಸುರಿಯಬೇಡಿ. ಮಾರಾಟದ ಪ್ರಮಾಣಪತ್ರ ಕೈಸೇರಿದ ಮೇಲೆ ಪೋಕುವರವು (ದಾಖಲೆಯಲ್ಲಿ ಹೆಸರು ಬದಲಾವಣೆ) ಮಾಡಿಸಿ, ನಿಮ್ಮ ಹೆಸರಲ್ಲಿ ತೀರುವೆ ಕಟ್ಟಿ ರಶೀದಿ ಪಡೆಯಿರಿ.